ಕಿಟಕಿಗೊಂದು ದನಿ

“ದೀಪ ಹಚ್ಚಬೇಡಿ. ಹಚ್ಚಿದರೆ ಅದು ಹಚ್ಚಿಕೊಳ್ಳುತ್ತೆ.”

ಮುದುಕಿ ಹೇಳಿದ್ದು ಇಷ್ಟೇ, ಅದೂ ಪಿಸುಮಾತಿನಲ್ಲಿ. ಸಾಮಾನೆಲ್ಲ ಸಾಗಿಸಿ ಬರಿದಾದ ಆ ಮನೆಯಲ್ಲಿ ಉಳಿದದ್ದು ಆಕೆ, ಒಂದು ಸ್ಟೂಲು, ಸ್ಟೂಲಿನ ಮೇಲೊಂದು ಹಡಗು. ಆಕೆಯ ಗಂಡ ಬದುಕಿದ್ದಷ್ಟು ಕಾಲ ಭೂತಗನ್ನಡಿ ಹಿಡಿದು ಕೂತು ಮುಗಿಸಿದ ಮೊಳದುದ್ದದ ಮಾದರಿ. ಎರಡು ಕಂಬ, ನಡುವೆ ಹೊಗೆಗೊಳವೆ, ಬದಿಯುದ್ದಕ್ಕೂ ಕಡಲೆಕಾಳಿನಷ್ಟು ಗುಂಡು ಕಿಟಕಿಗಳ ಸಾಲು, ಒಂದೊಂದು ಕಿಟಕಿಯ ಹಿಂದೆಯೂ ಸಾಸಿವೆಯಷ್ಟು ಬಲ್ಬು. ಹೊಟ್ಟೆಯಿಂದ ಹೊರಬಂದಿದ್ದ ತಂತಿಗಳನ್ನು ಯಾರೋ ಹಲ್ಲಿನಿಂದ ಕಡಿದಂತೆ ತುಂಡರಿಸಿದ್ದರು.

“ಹಚ್ಚಿಕೊಂಡರೆ ಒಳ್ಳೇದೇ ಅಲ್ವಾ ಅಜ್ಜಿ? ನನ್ನನ್ನ ಹಚ್ಚಿಕೊಳ್ಳೋರು ಯಾರಿದ್ದಾರೆ ಹೇಳಿ,” ಎಂದ ಹಡಗು ಒಯ್ಯಲು ಬಂದಿದ್ದ ದನಿಗಾರ.

“ಅದರಲ್ಲಿ ಮಾಟ ಇದೆ.”

“ಅದಕ್ಕೇ ತಾನೆ ತಗೊಂಡು ಹೋಗ್ತಿರೋದು! ಎಷ್ಟು ಮಾಟವಾಗಿದೆ ನೋಡಿ ಇದರ ಮೂತಿ.”

ಮುದುಕಿ ಕಂಬದಿಂದ ಕಂಬಕ್ಕೆ ಬಿಗಿದ ಹಗ್ಗಗಳ ಮೇಲೆ ಬೆರಳಾಡಿಸಿದಳು. ಕಪ್ಪು, ಕಂದು, ಅಲ್ಲೊಂದು ಇಲ್ಲೊಂದು ಬಿಳಿ. “ಇದು ದಾರ ಅಲ್ಲ. ಕೂದಲು. ನಮ್ಮನೆಯವರದ್ದೇ. ಒಡೆದು ಹಾಕೋಣ ಅಂದ್ರೆ ಕೈ ಬರಲ್ಲ. ಒಳಗೆ ನಾನೂ ಇದ್ದೀನಲ್ಲ. ಸುಮ್ಮನೆ ಕತ್ತಲಲ್ಲಿಡಿ ಸಾಕು.”

ದಾರಿಯುದ್ದಕ್ಕೂ ದನಿಗಾರ ಆ ಪಿಸುಮಾತನ್ನೇ ನಾಲಿಗೆಯ ಮೇಲೆ ಉರುಳಿಸಿಕೊಂಡು ಬಂದ. ಪಕ್ಕಾ ಕೂರುವವರೆಗೆ ಬಿಡುವ ಜಾಯಮಾನ ಅವನದ್ದಲ್ಲ. ಊರಿನ ಅರ್ಧ ಲಿಫ್ಟುಗಳಲ್ಲಿ ‘ಬಾಗಿಲು ಮುಚ್ಚುತ್ತಿದೆ, ದಯವಿಟ್ಟು ದೂರ ನಿಲ್ಲಿ’ ಎನ್ನುತ್ತಿದ್ದುದು ಅವನೇ. ಜಾಹೀರಾತಿನ ಗಿಳಿ ಅವನೇ, ಟೂತ್‌ಪೇಸ್ಟಿನ ತಾತನೂ ಅವನೇ. ಒಮ್ಮೆ ಕೇಳಿದ ಗಂಟಲು ಅವನ ಗಂಟಲಲ್ಲಿ ಬಾಡಿಗೆಯಿಲ್ಲದೆ ವಾಸವಾಗುತ್ತಿತ್ತು.

ಅವನ ಕಟ್ಟಡದ ಗೇಟಿನಲ್ಲಿ ವಾಚ್‌ಮನ್ನು ಪೆಟ್ಟಿಗೆಯ ಇನ್ನೊಂದು ಬದಿ ಹಿಡಿದ. “ಏನ್ ಸಾರ್, ನಲ್ಲೀಲಿ ನೀರೇ ಬರಲ್ಲ, ನೀವು ಹಡಗು ತಂದಿದ್ದೀರಾ!” ಎಂದು ಅವನು ನಕ್ಕರೆ ಮೇಲಿನ ಮಹಡಿಯ ಕಿಟಕಿಗಳೂ ನಕ್ಕವು. ಅಂಥ ಗಂಟಲು. ಸಂಜೆ ಅವನು ದೂರದಲ್ಲಿ ಓದುತ್ತಿದ್ದ ಮಗಳೊಡನೆ ಫೋನಿನಲ್ಲಿ ಮಾತಾಡಿದರೆ ಆ ಹುಡುಗಿಗೆ ಗಣಿತದಲ್ಲೆಷ್ಟು ಬಂತೆಂಬುದು ಇಡೀ ಕಟ್ಟಡಕ್ಕೆ ಗೊತ್ತಾಗುತ್ತಿತ್ತು.

ಹಡಗಿಗೆ ಜಾಗ ಮೊದಲೇ ಸಿದ್ಧವಿತ್ತು. ಹೆಂಡತಿ ಬಿಟ್ಟುಹೋಗುವಾಗ ಪಿಂಗಾಣಿಯನ್ನೆಲ್ಲ ಒಯ್ದು, ಗಾಜಿನ ಕಪಾಟನ್ನು ಮಾತ್ರ ಉಳಿಸಿದ್ದಳು. “ಈ ಮನೇಲಿ ನಾನು ಯಾರ ಜೊತೆ ಸಂಸಾರ ಮಾಡ್ತಿದ್ದೀನಿ ಅಂತಲೇ ಗೊತ್ತಾಗಲ್ಲ,” ಎಂಬುದು ಅವಳ ಕೊನೆಯ ದೂರು. ಅದಕ್ಕೂ ಅವನು ಅವಳದೇ ದನಿಯಲ್ಲಿ ಉತ್ತರ ಕೊಟ್ಟಿದ್ದ. ಅಂದಿನಿಂದ ಕಪಾಟಿನಲ್ಲಿ ತಟ್ಟೆಗಳ ದುಂಡನೆಯ ಧೂಳಿನ ಗುರುತುಗಳಷ್ಟೇ ಇದ್ದವು. ಅವನನ್ನು ವಿಚಾರಿಸಲು ಉಳಿದವಳು ಒಬ್ಬಳೇ, ಅಕ್ಕ. ಭಾನುವಾರ ಮಧ್ಯಾಹ್ನ ಅವಳ ಫೋನು ಬಂದರೆ ಆ ವಾರ ಬದುಕಿದ್ದಕ್ಕೆ ಸಾಕ್ಷಿ ಸಿಕ್ಕಂತೆ.

ದೀಪದ ಕೆಲಸವನ್ನು ಅವನು ಮನಸ್ಸಿಟ್ಟು ಮಾಡಿದ. ಮೇಲಿನಿಂದ ಬೆಳಕು ಬಿಟ್ಟರೆ ಹಡಗಿನ ಹೊಟ್ಟೆಯೆಲ್ಲ ನೆರಳಾಗುತ್ತದೆಂದು ಎಲ್‌ಇಡಿ ಪಟ್ಟಿಯನ್ನು ಕಪಾಟಿನ ಮುಂದಿನ ಚೌಕಟ್ಟಿನ ಹಿಂದೆ ಅಡಗಿಸಿದ. ಚುಕ್ಕಿಚುಕ್ಕಿಯಾಗಿ ಕಾಣದಿರಲೆಂದು ಅದಕ್ಕೆ ಹಾಲುಬಣ್ಣದ ಪ್ಲಾಸ್ಟಿಕ್ ಮುಚ್ಚಿದ. ಬಿಳಿ ಬೆಳಕು ಆಸ್ಪತ್ರೆಯಂತಿತ್ತು. ಬದಲಿಸಿ ಹಳದಿ ಹಾಕಿದ. ಆಮೇಲೆ ಹಡಗಿನ ತುಂಡು ತಂತಿಗಳನ್ನು ಹುಡುಕಿ, ಒಂದೊಂದನ್ನೂ ಬೆಸುಗೆ ಹಾಕಿ ಜೋಡಿಸಿದ. ದಪ್ಪ ಕರಿ ಪರದೆಗಳನ್ನು ಎಳೆದು ಹಗಲನ್ನು ಹೊರಗೆ ನಿಲ್ಲಿಸಿ, ಸ್ವಿಚ್ಚು ಒತ್ತಿದ.

ಕಿಟಕಿಗಳು ಒಂದೊಂದಾಗಿ ಕಣ್ಣು ಬಿಟ್ಟವು.

ಕೊನೆಯ ಎರಡು ಮಾತ್ರ ಕತ್ತಲಾಗಿಯೇ ಉಳಿದವು. ಬೆಸುಗೆ ಸಡಿಲವಿರಬೇಕು ಎಂದುಕೊಂಡ. ಸುಟ್ಟ ಕೂದಲಿನ ಸಣ್ಣ ವಾಸನೆ ಎದ್ದಿತು. ಎಲ್ಲೋ ಗುಂಯ್ ಎನ್ನುವ ಸದ್ದು, ಬಾಗಿಲು ಮುಚ್ಚಿದ ದೊಡ್ಡ ಹಾಲಿನೊಳಗೆ ಜನ ಮಾತಾಡಿಕೊಳ್ಳುವಂತೆ. ಅಡಾಪ್ಟರಿನದು ಎಂದುಕೊಂಡ. ಆದರೂ ಎಷ್ಟೋ ತಿಂಗಳ ಮೇಲೆ ಮನೆಯಲ್ಲಿ ಜನರಿದ್ದಂತೆನಿಸಿ ಅವನಿಗೆ ಹುರುಪು ಬಂತು. ಪ್ರೇಕ್ಷಕರು ಸಿಕ್ಕರೆ ಅವನು ಸುಮ್ಮನಿರುವವನೇ? ಕಪಾಟಿನ ಮುಂದೆ ನಿಂತು ಎದೆಯುಬ್ಬಿಸಿ ವಾಚ್‌ಮನ್ನಾದ.

“ಯಾರ್ರೀ ಅದು? ಗಾಡಿ ತೆಗೀರಿ ಸಾರ್! ಇದೇನು ನಿಮ್ಮ ಮಾವನ ಮನೇನಾ?”

ಕತ್ತಲಾಗಿದ್ದ ಎರಡರಲ್ಲಿ ಒಂದು ಕಿಟಕಿ ಫಳಕ್ಕನೆ ಹೊತ್ತಿಕೊಂಡಿತು. ಬೆಸುಗೆ ತಾನೇ ಕೂತಿತಲ್ಲ ಎಂದು ಅವನು ಚಪ್ಪಾಳೆ ತಟ್ಟಿದ.

ಮರುದಿನ ಗೇಟಿನಲ್ಲಿ ವಾಚ್‌ಮನ್ನು ಕುತ್ತಿಗೆಗೆ ಟವೆಲು ಸುತ್ತಿಕೊಂಡು ನಿಂತಿದ್ದ. ಬಾಯಿ ತೆರೆದರೆ ಬರಿ ಗಾಳಿ. ಕೈಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು, ಪರದೆಯ ಮೇಲೆ ಮಗಳ ಮುಖ. ಅವನು ಅದನ್ನು ನೋಡುತ್ತಲೇ ಇದ್ದ, ಎತ್ತಲಿಲ್ಲ. “ಏನಪ್ಪಾ, ಮೌನವ್ರತವಾ?” ಎಂದು ದನಿಗಾರ ಕಣ್ಣು ಮಿಟುಕಿಸಿ ಲಿಫ್ಟು ಹತ್ತಿದ.

ಭಾನುವಾರ ಬಂತು. ಅಕ್ಕನ ಫೋನು ಬರಲಿಲ್ಲ. ಅವಳಿಗೆ ಪುರುಸೊತ್ತಾದರೂ ಎಲ್ಲಿ? ಭಾವನ ಕಣ್ಣು ಪೂರ್ತಿ ಹೋಗಿತ್ತು. ಅಕ್ಕ ಅಡುಗೆಮನೆಯಿಂದ ಮಾತಾಡುತ್ತಿದ್ದರೆ ಅವರು ಆ ದನಿಯ ಎಳೆ ಹಿಡಿದೇ ಮನೆಯೊಳಗೆ ಓಡಾಡುತ್ತಿದ್ದರು. ಎಡಕ್ಕೆ ಕುರ್ಚಿ ಇದೆ ರೀ, ಮೆಟ್ಟಿಲು ರೀ, ಹಾಲು ಬಿಸಿ ಇದೆ ರೀ. ದಿನವಿಡೀ.

ಕಾದು ಕಾದು ದನಿಗಾರನಿಗೆ ಮನೆಯ ಮೌನ ಕಿವಿಗೆ ಹತ್ತಿ ತುರುಕಿದಂತಾಯಿತು. ಪರದೆ ಎಳೆದ. ದೀಪ ಹಚ್ಚಿದ. ಫೋನು ಬಾರದಿದ್ದರೇನು, ಮಾತುಕತೆಯನ್ನು ತಾನೇ ನಡೆಸಿದರಾಯಿತು.

“ಊಟ ಆಯ್ತೇನೋ? ಏನು ತಿಂದೆ? ಸುಳ್ಳು ಹೇಳಬೇಡ, ಬರೀ ಬ್ರೆಡ್ಡು ತಿಂದಿರ್ತೀಯ!”

ಅದೇ ಎಳೆತ, ಕೊನೆಯಲ್ಲಿ ಅದೇ ಹುಸಿಮುನಿಸು. ಅವನಿಗೇ ಮೈ ಜುಮ್ಮೆಂದಿತು. ಉಳಿದಿದ್ದ ಒಂದೇ ಒಂದು ಕರಿ ಕಿಟಕಿ ಬೆಳಗಿತು. ಹಡಗು ಭರ್ತಿಯಾಯಿತು.

ಆಗ ಫೋನು ಹೊಡೆದುಕೊಂಡಿತು. ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟ. ಆ ಕಡೆ ಭಾವ. ಉಸಿರು ಏರಿತ್ತು.

“ನಿಮ್ಮಕ್ಕ... ಮಾತಾಡ್ತಾ ಮಾತಾಡ್ತಾನೇ ನಿಂತುಹೋಯ್ತಪ್ಪಾ. ಇಲ್ಲೇ ಇದ್ದಾಳೆ, ಕೈ ಹಿಡ್ಕೊಂಡಿದ್ದಾಳೆ. ದನಿ ಇಲ್ಲ. ಬರೀ ಗಾಳಿ. ನಾನು ಎಲ್ಲಿದ್ದೀನಿ ಅಂತಲೇ ತಿಳೀತಿಲ್ಲ ಕಣೋ...”

ದನಿಗಾರನ ಕಣ್ಣು ಕಪಾಟಿನ ಕಡೆ ತಿರುಗಿತು. ವಾಚ್‌ಮನ್ನಿನ ಟವೆಲು. ಮುದುಕಿಯ ಪಿಸುಮಾತು. ಅದು ಪಿಸುಮಾತಲ್ಲ. ಉಳಿದ ಗಾಳಿ.

ಹಡಗಿನೊಳಗಿಂದ, ಸ್ಪಷ್ಟವಾಗಿ, ಅಕ್ಕ ಹೇಳಿದಳು: “ಆರಿಸು.”

ಅವನು ಸ್ವಿಚ್ಚಿಗೆ ಹಾರಿದ. ಆರಿಸಿದ. ಪ್ಲಗ್ಗು ಕಿತ್ತ. ಕಪಾಟಿನ ಪಟ್ಟಿ ಆರಿತು. ಹಡಗಿನ ಕಿಟಕಿಗಳು ಆರಲಿಲ್ಲ. ಕತ್ತಲು ಕೋಣೆಯಲ್ಲಿ ಅವಷ್ಟೇ ತೇಲುತ್ತಿದ್ದವು. ಸುಟ್ಟ ಕೂದಲಿನ ವಾಸನೆ ಮೂಗಿಗೆ ಅಡರಿತು.

“ಆರಿಸು,” ಎಂದಿತು ಇನ್ನೊಂದು ಕಿಟಕಿ. ಯಾವುದೋ ತರುಣಿಯ ದನಿ, ಮುದುಕಿಯದೇ ಹಳೆಯ ದನಿ ಇರಬೇಕು. “ಆರಿಸು, ಆರಿಸು,” ಎಂದಿತು ಸಾಲಿಗೆ ಸಾಲು.

“ಆರಿಸಿದೆನಲ್ಲ!” ಅವನು ಕಿರುಚಿದ.

“ದೀಪ ಅಲ್ಲ ಸಾರ್,” ವಾಚ್‌ಮನ್ನಿನ ದನಿ. ಈಗ ಅದರಲ್ಲಿ ನಗೆಯಿರಲಿಲ್ಲ. “ಆಳನ್ನ. ಒಬ್ಬರು ಇಳಿದರೆ ಒಬ್ಬರು ಹತ್ತಬೇಕು. ಜಾಗ ಖಾಲಿ ಇರಬಾರದು ಇಲ್ಲಿ. ಯಾರು ಇಳೀಬೇಕು, ಆರಿಸಿ.” ಮತ್ತೆ ಸಣ್ಣಗೆ: “ನನ್ನನ್ನ ಬಿಡ್ತೀರಾ ಸಾರ್? ಮಗಳು ಕಾಯ್ತಿರ್ತಾಳೆ.”

ಫೋನಿನ ಆ ಕಡೆ ಏನೋ ಬಿದ್ದ ಸದ್ದು. ಗಾಜು ಒಡೆಯಿತು. ಭಾವ ಹೆಂಡತಿಯನ್ನು ಕೂಗುತ್ತಿದ್ದರು. ಉತ್ತರವಿಲ್ಲ.

“ಅಕ್ಕ,” ಎಂದ ದನಿಗಾರ, ವಾಚ್‌ಮನ್ನಿನ ಕಿಟಕಿಯ ಕಡೆ ನೋಡದೆ. “ಅಕ್ಕನ್ನ ಬಿಡು. ನನ್ನನ್ನ ತಗೋ.”

ಹೇಳಿದ್ದು ಲಿಫ್ಟಿನ ದನಿಯಲ್ಲಿ. ಸ್ವಚ್ಛ, ದುಂಡು, ಸಂಬಳದ ದನಿ. ಹಡಗು ಅಲುಗಲಿಲ್ಲ.

“ನನ್ನನ್ನ ತಗೋ!” ತೀರಿಹೋದ ಅಪ್ಪನ ಗದರಿಕೆ ಬಂತು. ಮತ್ತೆ ಬಾಯಿ ತೆರೆದ. ಜಾಹೀರಾತಿನ ಗಿಳಿ ಬಂತು. ಗಂಟಲು ಹಿಸುಕಿಕೊಂಡ. ಟೂತ್‌ಪೇಸ್ಟಿನ ತಾತ ಬಂದ. ಯಾರ್ಯಾರೋ ಬಂದರು. ಅವನು ಬರಲಿಲ್ಲ. ಬೆವರು ಕಣ್ಣಿಗಿಳಿಯಿತು. ಒಳಗೆ ಕೈಹಾಕಿ ತಡಕಿದಂತೆ ತಡಕಿದ. ಕೋಣೆ ಕೋಣೆ ತುಂಬಾ ಬಾಡಿಗೆಯವರು. ಮನೆಯವನೆಲ್ಲಿ?

ಹಣೆ ಗಾಜಿಗೆ ತಾಗಿತು. ಗಾಜು ತಣ್ಣಗಿತ್ತು.

“ಅಕ್ಕಾ... ಭಯ ಆಗ್ತಿದೆ ಕಣೇ.”

ಒಡೆದ, ತೆಳು, ಯಾವ ಸ್ಟುಡಿಯೋದವರೂ ಕೊಳ್ಳದ ದನಿ. ಅಕ್ಕನ ಕಿಟಕಿ ಆರಿತು. ರೆಪ್ಪೆ ಬಡಿಯುವಷ್ಟರಲ್ಲಿ ಮತ್ತೆ ಹೊತ್ತಿತು.

“ರೀ!” ಫೋನಿನಲ್ಲಿ ಅಕ್ಕ. “ರೀ, ಬಂತು ರೀ! ಅಲ್ಲೇ ನಿಲ್ಲಿ, ಗಾಜಿದೆ, ತುಳೀಬೇಡಿ!” ಭಾವನ ಅಳು. ಮತ್ತೆ ಅಕ್ಕ: “ಲೋ, ಲೈನಲ್ಲಿದ್ದೀಯೇನೋ?”

ಅವನು ಬಾಯಿ ತೆರೆದ. ಗಾಳಿ.

ಹಡಗು ಉತ್ತರಿಸಿತು. “ಅಕ್ಕಾ, ಒಬ್ಬನೇ ಇದ್ದೀನಿ ಕಣೇ. ಬಾ. ನನ್ನ ಬಿಡಿಸ್ಕೊಂಡು ಹೋಗು.”

ಆ ಕಡೆ ಅಕ್ಕ: “ಎಷ್ಟು ವರ್ಷ ಆಯ್ತೋ ನೀನು ನನ್ನ ಹತ್ರ ಹೀಗೆ ಮಾತಾಡಿ. ಯಾವಾಗ ನೋಡಿದ್ರೂ ಯಾರದ್ದೋ ವೇಷ. ಅಳಬೇಡ್ವೋ. ಹೊರಟೆ, ಈಗಲೇ ಹೊರಟೆ.”

ಅವನು ಕರೆ ಕತ್ತರಿಸಿದ.

ಬಂದರೆ, ಈ ಕಪಾಟಿನ ಮುಂದೆ ನಿಂತರೆ, ಅವಳು ಯಾರನ್ನು ಆರಿಸುತ್ತಾಳೆಂದು ಅವನಿಗೆ ಗೊತ್ತಿತ್ತು. ಅವನನ್ನು ಇಳಿಸಿ ತಾನು ಹತ್ತಲು ಕ್ಷಣವೂ ಯೋಚಿಸುವವಳಲ್ಲ. ಗಂಟಲು ಹೋಗಿದೆ ಎಂದು ಬರೆದರೂ ಬರುತ್ತಾಳೆ, ಇನ್ನೂ ಬೇಗ ಬರುತ್ತಾಳೆ. ಫೋನು ಮತ್ತೆ ಹೊಡೆದುಕೊಂಡಿತು. ಕತ್ತರಿಸಿದ. ಸಂದೇಶ ಬರೆದ: ‘ಬರಬೇಡ.’

‘ಈಗ ತಾನೆ ಅಳ್ತಾ ಕರೆದ್ಯಲ್ಲೋ?’

ಅವನು ಬರೆದ, ಅಳಿಸಿದ, ಮತ್ತೆ ಬರೆದ. ‘ಮಿಮಿಕ್ರಿ ಅಕ್ಕ. ನಿನ್ನ ಗಂಟಲು ನಿಂತ ಕತೆ ಕೇಳಿ ನಗು ಬಂತು. ನಂಬಿಬಿಟ್ಯಾ?’

ಅವಳು ಏನೋ ಬರೆಯುತ್ತಿದ್ದಾಳೆಂದು ಫೋನು ತೋರಿಸಿತು. ನಿಂತಿತು. ಮತ್ತೆ ತೋರಿಸಿತು. ಬಹಳ ಹೊತ್ತಿನ ಮೇಲೆ ಒಂದು ಸಾಲು ಬಂತು.

‘ಇನ್ನು ನನಗೆ ಫೋನ್ ಮಾಡಬೇಡ.’

ಅವನು ಫೋನನ್ನು ಮಗುಚಿಟ್ಟ. ಕಪಾಟಿನೊಳಗೆ ಹಡಗು ಇನ್ನೂ ಕರೆಯುತ್ತಲೇ ಇತ್ತು, ಅಕ್ಕಾ, ಅಕ್ಕಾ ಎಂದು, ಸಂತೆಯಲ್ಲಿ ಕೈ ತಪ್ಪಿದ ಮಗುವಿನಂತೆ. ದನಿಗಾರ ನೆಲದ ಮೇಲೆ ಕುಕ್ಕರಿಸಿ, ಗಾಜಿಗೆ ಕಿವಿಗೊಟ್ಟು ಕೇಳಿದ. ತನ್ನ ದನಿ ಹೀಗಿದೆಯೆಂದು ಅವನಿಗೆ ಗೊತ್ತೇ ಇರಲಿಲ್ಲ.