ಕಾಲುವಿ ಬಂತು, ಇಳೀರಿ

“ಕಾಲುವಿ ಬಂತು, ಎಲ್ಲಾರೂ ಇಳೀರಿ,” ಎಂದ ವಿರೂಳ ಅಪ್ಪ.

ಜೀಪು ನಿಂತಿತು. ಒಳಗೆ ಒಂಬತ್ತು ಹುಡುಗಿಯರು ಒಬ್ಬರ ಮೇಲೊಬ್ಬರು ಬಿದ್ದಂತೆ ಕೂತಿದ್ದರು. ಎಲ್ಲರೂ ಎಮ್ಮಿಗನೂರು ಶಾಲೆಯ ಖೋ ಖೋ ಟೀಮಿನವರು. ಕಂಪ್ಲಿಯಲ್ಲಿ ಹತ್ತು ಗಂಟೆಗೆ ಮ್ಯಾಚ್ ಇತ್ತು.

“ಯಾಕ್ರಿ ಮಾಮಾ, ಪಂಚರ್ ಆತೇನು?” ಎಂದು ಕೇಳಿದಳು ಕ್ಯಾಪ್ಟನ್ ಸುಂಕಮ್ಮ.

“ಪಂಚರ್ ಅಲ್ಲವ್ವ. ಮುಂದ ಉಬ್ಬು ಐತಿ. ಮಂದಿ ಕುಂತ್ರ ಗಾಡಿ ಹೊಟ್ಟಿ ನೆಲಕ್ಕ ತಾಗ್ತೈತಿ.”

ಸುಂಕಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೆಳಗೆ ನೋಡಿದಳು. ಜೀಪು ಎಷ್ಟು ಎತ್ತರ ಇತ್ತೆಂದರೆ, ಅದರ ಅಡಿಯಲ್ಲಿ ಒಂದು ಕೋಳಿ ತನ್ನ ಮರಿಗಳನ್ನೆಲ್ಲ ಕಟ್ಟಿಕೊಂಡು ಆರಾಮಾಗಿ ದಾಟಬಹುದಿತ್ತು.

“ಇದರ ಹೊಟ್ಟಿ ತಾಗ್ತೈತೇನ್ರಿ?” ಎಂದಳು. ಹಿಂದಿನ ಸೀಟಿನಲ್ಲಿ ಕಿಸಿಕಿಸಿ ಶುರುವಾಯಿತು.

ಅಪ್ಪನ ಪಕ್ಕದಲ್ಲಿ ಕೂತಿದ್ದ ವಿರೂಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ವಿರೂ ಎಂದರೆ ವಿರುಪಮ್ಮ, ಐದನೇ ಕ್ಲಾಸು. ಇವತ್ತು ಎಲ್ಲರೂ ಬಸ್ಸಿಗೆ ಹೋಗುವವರಿದ್ದರು. “ಬಸ್ ಬ್ಯಾಡ, ನಮ್ಮ ಹೊಸ ಜೀಪೈತಿ. ನಮ್ಮಪ್ಪ ಸ್ಟೇರಿಂಗ್ ಹಿಡಿದ್ರ ಕಂಪ್ಲಿ ಎಷ್ಟೊತ್ತಿನ ಹಾದಿ?” ಎಂದು ಜಂಬ ಕೊಚ್ಚಿದವಳು ಅವಳೇ. ಅವಳ ಮಾತು ನಂಬಿ ಎಲ್ಲರೂ ಬಸ್ಸು ಬಿಟ್ಟಿದ್ದರು. ಆಟದ ಮೇಷ್ಟ್ರು ನಾಗೇಂದ್ರಪ್ಪ ಸರ್ ಮಾತ್ರ ಬೆಳಿಗ್ಗೆಯೇ ಮುಂದೆ ಹೋಗಿದ್ದರು. ಹೋಗುವಾಗ, “ಹತ್ತಕ್ಕ ಸೀಟಿ ಊದ್ತಾರ. ಆಗ ಗ್ರೌಂಡಿನಾಗ ಇಲ್ಲದ ಟೀಮು ಔಟು. ನೆನಪಿರ್ಲಿ,” ಎಂದು ಹೇಳಿಯೇ ಹೋಗಿದ್ದರು.

ಹುಡುಗಿಯರು ಒಬ್ಬೊಬ್ಬರಾಗಿ ಧುಮುಕಿದರು. ಉಬ್ಬಿನ ಮೇಲೆ ಮೆರವಣಿಗೆ ಹೊರಟಂತೆ ನಡೆದು ಆ ಕಡೆ ನಿಂತರು. ಖಾಲಿ ಜೀಪು ನೆಲಕ್ಕೆ ನೋವಾದೀತೋ ಎನ್ನುವ ಹಾಗೆ ಮೆಲ್ಲಗೆ ಹತ್ತಿ, ಮೆಲ್ಲಗೆ ಇಳಿಯಿತು. ಮತ್ತೆ ಎಲ್ಲರೂ ಹತ್ತಿದರು. ಹತ್ತುವ ಗಡಿಬಿಡಿಯಲ್ಲಿ ಹುಸೇನಮ್ಮನ ಒಂದು ಚಪ್ಪಲಿ ಚಕ್ರದ ಹಿಂದೆ ಬಿತ್ತು. ಅದನ್ನು ಹುಡುಕಲು ಮತ್ತೆ ನಾಲ್ಕು ಜನ ಇಳಿದರು.

ಅಪ್ಪನ ತಪ್ಪೂ ಅಲ್ಲ ಅನ್ನಿ. ಕಂಪ್ಲಿ ದಾರಿಯಲ್ಲಿ ಕಾಲುವೆ ದಾಟುವ ಕಡೆಯಲ್ಲೆಲ್ಲ ರಸ್ತೆ ಗೂನು ಬೆನ್ನಿನ ಹಾಗೆ ಉಬ್ಬಿಕೊಂಡಿದೆ. ಮೊದಲು ಅವರ ಮನೆಯಲ್ಲಿ ಒಂದು ಬಿಳಿ ಕಾರು ಇತ್ತು. ಅದು ನೆಲಕ್ಕೆ ಮೂಗು ತಾಗುವಷ್ಟು ಗಿಡ್ಡ. ಹಾಗಾಗಿ ಕಾಲುವೆ ಬಂತೆಂದರೆ ಮನೆಮಂದಿಯೆಲ್ಲ ಇಳಿಯಬೇಕು. ಎಲೆ ಅಡಿಕೆ ಚೀಲ ಹಿಡಿದು ಅಜ್ಜಿ, ಮದುವೆಗೆಂದು ರೇಷ್ಮೆ ಸೀರೆ ಉಟ್ಟ ಅಮ್ಮ, ಅವಳ ಕಂಕುಳಲ್ಲಿ ತಮ್ಮ, ಎಲ್ಲರೂ ನಡೆದೇ ದಾಟಬೇಕು. ಗದ್ದೆಯಲ್ಲಿ ನಾಟಿ ಹಚ್ಚುವವರು ಸೊಂಟ ನೆಟ್ಟಗೆ ಮಾಡಿಕೊಂಡು ಇವರನ್ನೇ ನೋಡುತ್ತಿದ್ದರು.

ಇಳಿದು ಇಳಿದು ವಿರೂಗೆ ಸಾಕಾಗಿ ಹೋಗಿತ್ತು. “ಎತ್ತರದ ಗಾಡಿ ತಗೊಳ್ಳಪ್ಪಾ,” ಎಂದು ವರ್ಷವಿಡೀ ಅಪ್ಪನ ಬೆನ್ನು ಬಿದ್ದಿದ್ದಳು. ಈ ಸಲ ಎರಡು ಬೆಳೆ ಭತ್ತವೂ ಚೆನ್ನಾಗಿ ಕೈಗೆ ಬಂತು. ಅಪ್ಪ ಕಾರು ಕೊಟ್ಟು ಜೀಪು ತಂದ.

ಜೀಪೇನೋ ಬಂತು. ಆದರೆ ಅಪ್ಪನ ಮೈಯಿಂದ ಕಾರು ಇಳಿಯಲಿಲ್ಲ.

ಕಾರಿನಲ್ಲಿ ಮೊದಲು ಕುಂಡಿ ಊರಿ, ಆಮೇಲೆ ಕಾಲು ಒಳಗೆ ಎಳೆದುಕೊಳ್ಳುವುದು ಅಪ್ಪನ ರೂಢಿ. ಮೊದಲ ದಿನ ಜೀಪಿನಲ್ಲೂ ಹಾಗೇ ಕೂರಲು ಹೋದ. ಸೀಟು ಅವನ ಬೆನ್ನಿಗೆ ಬಂತು, ಅವನು ನೆಲಕ್ಕೆ ಬಂದ. ಕಾರಿನ ಗೇರು ಸ್ಟೇರಿಂಗಿನ ಪಕ್ಕದಲ್ಲೇ ಇತ್ತು, ಜೀಪಿನ ಗೇರು ಕೆಳಗೆ ಕಾಲ ಹತ್ತಿರ. ಅಪ್ಪನ ಕೈ ಮಾತ್ರ ಹಳೆಯ ಜಾಗಕ್ಕೇ ಹೋಗುತ್ತಿತ್ತು. ಅಲ್ಲಿ ಸಿಗುತ್ತಿದ್ದದ್ದು ವೈಪರಿನ ಕಡ್ಡಿ. ಹೀಗಾಗಿ ಸುಡು ಬಿಸಿಲಿನಲ್ಲಿ ಜೀಪು ಗಾಜು ಒರೆಸಿಕೊಳ್ಳುತ್ತಾ ಊರೆಲ್ಲ ತಿರುಗುತ್ತಿತ್ತು. “ಮಾರೆಪ್ಪಾ, ನಿನಗೊಬ್ಬಗೇ ಮಳಿ ಬರಾಕತ್ತೈತೇನೋ?” ಎಂದು ಚಾ ಅಂಗಡಿಯ ಮುದುಕಪ್ಪ ದಿನಾ ಕೇಳುತ್ತಿದ್ದ.

ಮನೆಯಲ್ಲಿ ವಿರೂ ಕೂಡ ಬಿದ್ದು ಬಿದ್ದು ನಕ್ಕಿದ್ದಳು. ಇವತ್ತು ನಗು ಬರಲಿಲ್ಲ. ಗೆಳತಿಯರ ಎದುರು ಅಪ್ಪ ಹೀಗೆ ಮಾಡಿದರೆ ಯಾರಿಗೆ ನಗು ಬರುತ್ತದೆ?

ಎರಡನೇ ಕಾಲುವೆ ಕಂಡಿತು. ಅಪ್ಪನ ಕೈ ಗೇರಿಗೆ ಹೋಯಿತು. ವೈಪರು ಟಕಟಕ ಎಂದಿತು. ಜೀಪು ನಿಂತಿತು.

“ಕಾಲುವಿ ಬಂತು, ಎಲ್ಲಾರೂ...”

“ನಾ ಇಳಿಯಂಗಿಲ್ಲ,” ಎಂದಳು ವಿರೂ.

“ಒಂದ್ ನಿಮಿಷದ ಕೆಲಸ, ಇಳಿಯವ್ವ.”

“ಇದು ಕಾರಲ್ಲಪ್ಪಾ, ಜೀಪು. ಇದರ ಹೊಟ್ಟಿ ತಾಗಂಗಿಲ್ಲಂತ ಊರಿಗೆಲ್ಲಾ ಗೊತ್ತೈತಿ. ನಿನಗೊಬ್ಬಗೇ ಗೊತ್ತಿಲ್ಲ. ನಮ್ಮ ಮ್ಯಾಚ್ ತಪ್ತೈತಿ ನೋಡು. ಎಲ್ಲಾರೂ ನಗಾಕತ್ಯಾರ.”

ಅಪ್ಪ ಕನ್ನಡಿಯಲ್ಲಿ ಹಿಂದೆ ನೋಡಿದ. ಸುಂಕಮ್ಮ ಬಾಯಿಗೆ ಅಡ್ಡ ಹಿಡಿದಿದ್ದ ಕೈಯನ್ನು ತಟ್ಟನೆ ಇಳಿಸಿದಳು. ಅಪ್ಪನ ಕಿವಿ ಕೆಂಪಾಯಿತು. ವೈಪರು ಇನ್ನೂ ಓಡುತ್ತಲೇ ಇತ್ತು. ಅದನ್ನು ಆರಿಸಿ, “ಆತು, ಕುಂದ್ರಿ,” ಎಂದ. ದನಿ ಸಣ್ಣಗಿತ್ತು. ಅದನ್ನು ಕೇಳಿ ವಿರೂಗೆ ಕೆಟ್ಟದೆನಿಸಿತು. ಆದರೂ ಇಳಿಯಲಿಲ್ಲ.

ಜೀಪು ಉಬ್ಬು ಹತ್ತಿತು. ಮೂತಿ ಮೇಲಾಯಿತು, ಆಮೇಲೆ ಕೆಳಗಾಯಿತು. ಏನೂ ತಾಗಲಿಲ್ಲ. ಒಂದು ಸಪ್ಪಳವೂ ಇಲ್ಲ.

“ಲೇ ವಿರೂ, ನೀ ಯಾಕ ಎದ್ದು ನಿಂತಿ?” ಎಂದಳು ಹಿಂದಿನಿಂದ ಸುಂಕಮ್ಮ.

ವಿರೂ ತನ್ನನ್ನೇ ನೋಡಿಕೊಂಡಳು. ಎರಡೂ ಕೈಯಿಂದ ಮುಂದಿನ ಕಂಬಿ ಹಿಡಿದಿದ್ದಳು. ಸೀಟಿನಿಂದ ಒಂದು ಗೇಣು ಮೇಲೆ ಎದ್ದಿದ್ದಳು. ಹೊಟ್ಟೆ ಒಳಗೆ ಎಳೆದು ಉಸಿರು ಬಿಗಿಹಿಡಿದಿದ್ದಳು. ಸಣ್ಣ ಸಣ್ಣ ಉಬ್ಬು ಬಂದಾಗ ಬಿಳಿ ಕಾರಿನಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಹೀಗೆಯೇ. ತಾವು ಹಗುರಾದರೆ ಕಾರೂ ಹಗುರಾಗುತ್ತದೆ ಎಂದು.

ಪಕ್ಕಕ್ಕೆ ತಿರುಗಿದಳು. ಅಪ್ಪನೂ ಸೀಟಿನಿಂದ ಮೇಲೆದ್ದಿದ್ದ. ಕೆನ್ನೆ ಎರಡೂ ಪೂರಿಯಂತೆ ಉಬ್ಬಿದ್ದವು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿ, ಬುಸ್ ಎಂದು ಉಸಿರು ಬಿಟ್ಟು ಕೂತರು.

“ನಿನಗ ಗೊತ್ತೈತಿ ಅಂದ್ಯಲ್ಲವ್ವ?” ಎಂದ ಅಪ್ಪ.

“ತಲಿಗೆ ಗೊತ್ತೈತಪ್ಪಾ,” ಎಂದಳು ವಿರೂ. “ಕುಂಡಿಗೆ ಗೊತ್ತಿಲ್ಲ.”

“ನಂದೂ ಹಂಗೇ ನೋಡು,” ಎಂದ ಅಪ್ಪ.

ಹಿಂದೆ ಕೂತವರು ಜೀಪು ಅಲ್ಲಾಡುವಷ್ಟು ನಕ್ಕರು. ವಿರೂಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ.

ಮೂರನೆಯದು ಎಲ್ಲಕ್ಕಿಂತ ದೊಡ್ಡ ಕಾಲುವೆ, ಎಲ್ಲಕ್ಕಿಂತ ದೊಡ್ಡ ಉಬ್ಬು. ಬಿಳಿ ಕಾರಿನ ಹೊಟ್ಟೆ ಅಲ್ಲಿ ಎಷ್ಟೋ ಸಲ ಕರ್ರೆಂದು ಉಜ್ಜಿತ್ತು. ಜೀಪು ನಿಂತಿತು. ಅಪ್ಪ ಯಾರಿಗೂ ಇಳಿಯಿರಿ ಎನ್ನಲಿಲ್ಲ. ಆದರೆ ಅವನ ಕಾಲು ಬ್ರೇಕು ಬಿಡಲಿಲ್ಲ.

“ಟೈಮಾತ್ರಿ ಮಾಮಾ,” ಎಂದಳು ಸುಂಕಮ್ಮ.

“ಹೌದವ್ವ, ಹೊಂಟೆ,” ಎಂದ ಅಪ್ಪ. ಜೀಪು ಮಾತ್ರ ಹೊರಡಲಿಲ್ಲ.

ವಿರೂ ಬಾಗಿಲು ತೆಗೆದು ಕೆಳಗೆ ಹಾರಿದಳು.

“ನೀ ಯಾಕ ಇಳಿದಿ?” ಎಂದು ಹುಡುಗಿಯರು ಕೂಗಿದರು. ಅವಳು ಓಡಿಹೋಗಿ ಉಬ್ಬಿನ ಪಕ್ಕದಲ್ಲಿ, ರಸ್ತೆಯ ಅಂಚಿಗೆ, ಇಸ್ತ್ರಿ ಮಾಡಿದ ಬಿಳಿ ಯೂನಿಫಾರ್ಮಿನಲ್ಲೇ ಮಣ್ಣಿನ ಮೇಲೆ ಮಲಗಿದಳು. ಒಂದು ಕೆನ್ನೆ ನೆಲಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿ, ಕೈ ಬೀಸಿದಳು.

“ಬಾ ಅಪ್ಪಾ, ಬಾ. ಮೊಳ ಜಾಗ ಐತಿ. ಬಾ, ಬಾ.”

ಜೀಪು ಮೆಲ್ಲಗೆ ಮುಂದೆ ಬಂತು. ಕಿಟಕಿಗಳ ತುಂಬ ನಗುವ ತಲೆಗಳಿದ್ದವು. “ವಿರೂ, ಹೊಟ್ಟಿ ಏನಂತೈತಿ?” ಎಂದು ಸುಂಕಮ್ಮ ಕೇಳಿದಳು.

“ಹಸಿವಾಗೈತಂತ,” ಎಂದಳು ವಿರೂ, ಜೀಪಿನ ಅಡಿಯಿಂದ ಕಣ್ಣು ಕೀಳದೆ.

ತಾಗುವುದಿಲ್ಲ ಎಂದು ಅವಳಿಗೆ ಮಲಗುವ ಮೊದಲೇ ಗೊತ್ತಿತ್ತು. ಅಪ್ಪನಿಗೂ ಗೊತ್ತಿತ್ತು. ಆದರೂ ಹಿಂದಿನ ಚಕ್ರ ಉಬ್ಬು ಇಳಿಯುವವರೆಗೆ ಅವಳು ಏಳಲಿಲ್ಲ.

ಕಂಪ್ಲಿಯ ಗ್ರೌಂಡಿನ ಗೇಟಿನಲ್ಲಿ ನಾಗೇಂದ್ರಪ್ಪ ಸರ್ ಗಡಿಯಾರ ನೋಡುತ್ತಾ ಅತ್ತಿಂದಿತ್ತ ಓಡಾಡುತ್ತಿದ್ದರು. ಸೀಟಿ ಇನ್ನೂ ಊದಿರಲಿಲ್ಲ. “ಓಡ್ರಿ, ಓಡ್ರಿ,” ಎಂದು ಎಲ್ಲರನ್ನೂ ಒಳಗೆ ಅಟ್ಟಿದವರು, ವಿರೂಳನ್ನು ನೋಡಿ ತಡೆದರು. ಅವಳ ಎದೆ, ಮೊಣಕಾಲು, ಒಂದು ಕೆನ್ನೆ, ಎಲ್ಲ ಕೆಂಪು ಮಣ್ಣಾಗಿತ್ತು.

“ಇದೇನಿದು? ಆಟಕ್ಕ ಮೊದ್ಲ ಬಿದ್ದೀಯೇನು?”

“ಇಲ್ರಿ ಸರ್,” ಎಂದಳು ವಿರೂ, ಎಲ್ಲರಿಗೂ ಕೇಳುವ ಹಾಗೆ. “ನಮ್ಮಪ್ಪಗ ಹೊಸ ಗಾಡಿ ರೂಢಿ ಮಾಡಿಸಾಕತ್ತೇನ್ರಿ. ನನಗೂ ರೂಢಿ ಆಗ್ಬೇಕು. ಇನ್ನೊಂದ್ ನಾಕು ದಿನ ಬೇಕಾಗ್ತೈತ್ರಿ.”