ಚಾಕೊಲೇಟ್ ಪರಿಮಳದ ಸೇಡು

ಆಕರ್ಷನ ಬೆನ್ನ ಹಿಂದೆ, ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರಕ್ಕೆ ಬಂದು ಅಪರ್ಣಾ ನಿಂತಳು.

ಫೋರ್ಟ್ ಕೊಚ್ಚಿಯ ಹೋಟೆಲೊಂದರ ಅಂಗಳದಲ್ಲಿ ಗೆಳತಿ ರಮ್ಯಶ್ರೀಯ ಆರತಕ್ಷತೆ; ವರ ಆಕರ್ಷನ ಸಹೋದ್ಯೋಗಿ. ಸಂಜೆಯ ಕಡಲ ಗಾಳಿ ತನ್ನ ಕಡೆಯಿಂದ ಅವನ ಕಡೆಗೇ ಬೀಸುತ್ತಿದೆ ಎಂಬುದನ್ನು ನೋಡಿಕೊಂಡೇ ಅವಳು ಆ ಜಾಗ ಆರಿಸಿಕೊಂಡಿದ್ದಳು.

ಮಣಿಕಟ್ಟು, ಕಿವಿಯ ಹಿಂದೆ, ಸೀರೆಯ ಸೆರಗು... ಎಲ್ಲ ಕಡೆಯೂ ಅದೇ ಸೆಂಟು. ಮೊದಲು ಕಹಿ ಕೋಕೋ, ಆಮೇಲೆ ವೆನಿಲಾ, ಕೊನೆಗೆ ಸುಟ್ಟ ಸಕ್ಕರೆಯ ಸಿಹಿ. ಅವಳು ಹಾದುಹೋದ ಕಡೆಯಲ್ಲೆಲ್ಲ ಜನ ಕೇಕ್ ಬಂತೇನೋ ಎಂದು ತಿರುಗಿ ನೋಡಿದ್ದರು.

'ತಿರುಗು ಆಕರ್ಷ... ನಿನ್ನ ಮುಖ ಬಿಳಿಚಿಕೊಳ್ಳುವುದನ್ನು ನಾನು ಕಣ್ತುಂಬ ನೋಡಬೇಕು.'

ಅವನು ತಿರುಗಿದ. ಎರಡು ವರ್ಷಗಳ ನಂತರ ಆ ಕಣ್ಣುಗಳು ಅವಳ ಕಣ್ಣುಗಳನ್ನು ಸಂಧಿಸಿದವು.

"ಅಪರ್ಣಾ..." ಎಂದ, ಅಷ್ಟೇ.

ಆ ಮುಖದಲ್ಲಿ ಬೆರಗಿತ್ತು, ನೋವಿತ್ತು. ಆದರೆ ಅವಳು ನೋಡಲು ಬಂದಿದ್ದ ಅಳುಕು ಮಾತ್ರ ಎಳ್ಳಷ್ಟೂ ಇರಲಿಲ್ಲ.

ಅಪರ್ಣಾ ಮೈಸೂರಿನವಳು. ಕೊಚ್ಚಿಯ ಬ್ಯಾಂಕೊಂದರಲ್ಲಿ ಅಧಿಕಾರಿ. ಆಕರ್ಷ ತಿರುವನಂತಪುರದ ಬಾಹ್ಯಾಕಾಶ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ಮನೆಯವರು ನೋಡಿ, ಇಬ್ಬರೂ ಮೆಚ್ಚಿ ನಿಶ್ಚಿತಾರ್ಥವಾಗಿತ್ತು. ವಾರದ ಕೊನೆಗೆ ರೈಲು ಹತ್ತಿ ಅವನು ಬರುತ್ತಿದ್ದ, ಇಲ್ಲವೇ ಅವಳು ಹೋಗುತ್ತಿದ್ದಳು.

ಆ ವರ್ಷದ ಓಣಂ ರಜೆಗೂ ಬಂದಿದ್ದ. ಫೋರ್ಟ್ ಕೊಚ್ಚಿಯ ದೋಣಿಯಲ್ಲಿ ಅವನ ಭುಜಕ್ಕೆ ತಲೆಯಿಟ್ಟ ಅಪರ್ಣಾ ಥಟ್ಟನೆ ತಲೆ ಎತ್ತಿದ್ದಳು. ಅವನ ಶರ್ಟಿನಿಂದ ಚಾಕೊಲೇಟಿನಂಥ ದುಬಾರಿ ಸೆಂಟಿನ ವಾಸನೆ ಬರುತ್ತಿತ್ತು... ಹೆಂಗಸರು ಹಾಕುವಂಥದ್ದು. ಗಂಟೆಗಟ್ಟಲೆ ಮೈಗೆ ಮೈ ತಾಗಿಸಿ ಕೂತರಷ್ಟೇ ಹೀಗೆ ಹತ್ತಬೇಕು.

ಇದು ಯಾರ ಪರಿಮಳ ಎಂದು ಕೇಳಿದಳು. "ಯಾವ ಪರಿಮಳ?" ಎಂದ ಅವನು. ಪಕ್ಕದಲ್ಲಿ ಕೂತಿದ್ದ ಮುದುಕಿಗೂ ಬಂದ ವಾಸನೆ ಅವನಿಗೆ ಬರಲಿಲ್ಲವಂತೆ!

ಅಷ್ಟು ಸಲೀಸಾಗಿ ಸುಳ್ಳು ಹೇಳುವವನ ಜೊತೆ ಬದುಕುವುದು ಹೇಗೆ? ಅವಳು ಅಪ್ಪನ ಕೈಯಲ್ಲಿ ಉಂಗುರ ವಾಪಸು ಕಳಿಸಿದಳು. ಅವನ ನಂಬರನ್ನು ಬ್ಲಾಕ್ ಮಾಡಿದಳು. ಅವನು ಬ್ಯಾಂಕಿಗೇ ಹುಡುಕಿಕೊಂಡು ಬಂದಾಗ, ರಜೆಯ ಮೇಲಿದ್ದಾರೆಂದು ಸೆಕ್ಯೂರಿಟಿಯಿಂದ ಹೇಳಿಸಿ ಕಿಟಕಿಯ ಮರೆಯಲ್ಲಿ ನಿಂತಳು. ಅವನು ತಲೆತಗ್ಗಿಸಿ ಹೋದದ್ದನ್ನು ಕಂಡೂ ಎದೆ ತಣ್ಣಗಾಗಲಿಲ್ಲ.

ಆಮೇಲೆ ಶನಿವಾರಗಳಂದು ಮಾಲ್‌ಗಳಲ್ಲಿ ಸೆಂಟಿನ ಅಂಗಡಿ ಹತ್ತತೊಡಗಿದಳು. ಕಾಗದದ ಪಟ್ಟಿ ಮೂಸಿ ಮೂಸಿ ತಲೆನೋವು ಬರಿಸಿಕೊಂಡಳು. ಕೊನೆಗೊಂದು ದಿನ ಅಂಗಡಿಯ ಮಲಯಾಳಿ ಹುಡುಗಿ "ಚೇಚಿ, ಅಕ್ಕಾ, ಇದು ನೋಡಿ" ಎಂದು ಚಾಚಿದ ಪಟ್ಟಿಯಲ್ಲಿ ಅದೇ ವಾಸನೆ. ಕೈಗೆಟುಕದ ಬೆಲೆಯಾದರೂ ಕೊಂಡಳು. ತೆರೆಯದೆ ಕಾದಿಟ್ಟಳು.

ಆಕರ್ಷನಿಗೆ ಹೊಸ ಸಂಬಂಧ ಗೊತ್ತಾಗುತ್ತಿದೆ, ಹುಡುಗಿಯ ಮನೆಯವರೂ ಆರತಕ್ಷತೆಗೆ ಬರುತ್ತಾರೆ ಎಂದು ರಮ್ಯಶ್ರೀ ಬಾಯಿತಪ್ಪಿ ಹೇಳಿದ ದಿನವೇ ಸೀಸೆಯ ಮುಚ್ಚಳ ತೆರೆದಳು.

ಈಗ ಆಕರ್ಷನ ಪಕ್ಕದಲ್ಲೇ ಓಂಕಾರಪ್ಪ ನಿಂತಿದ್ದರು. ಕೇಂದ್ರ ಸರ್ಕಾರದ ಕಚೇರಿಯೊಂದರ ಹಿರಿಯ ಅಧಿಕಾರಿ, ದಾವಣಗೆರೆ ಕಡೆಯವರು. ಜೊತೆಗೆ ಮಗಳು ಕೃಪಾ, ಆಕರ್ಷನಿಗೆ ನೋಡಿರುವ ಹುಡುಗಿ.

ಅಪರ್ಣಾ ತನ್ನ ಮಣಿಕಟ್ಟನ್ನು ಆಕರ್ಷನ ಮುಖದ ಹತ್ತಿರಕ್ಕೆ ತಂದಳು. ಹಿಂದೆ 'ನೀನು' ಎಂದು ಕರೆಯುತ್ತಿದ್ದವನನ್ನು ಬೇಕೆಂದೇ 'ನೀವು' ಎಂದು ದೂರ ನಿಲ್ಲಿಸಿ ಕೇಳಿದಳು.

"ಈ ಪರಿಮಳ ಯಾರದ್ದು ಅಂತ ಗೊತ್ತಾಯ್ತಾ ನಿಮಗೆ?"

ಅವನು ಅವಳ ಕೈಯನ್ನೂ ಮುಖವನ್ನೂ ನೋಡಿದ.

"ಯಾವ ಪರಿಮಳ?"

ಅದೇ ಮಾತು! ಅವಳ ಮೈಯೆಲ್ಲ ಉರಿದುಹೋಯಿತು. ಓಂಕಾರಪ್ಪನವರ ಕಡೆ ತಿರುಗಿ, ಸುತ್ತಲಿನವರಿಗೆಲ್ಲ ಕೇಳುವಂತೆ ಹೇಳಿಬಿಟ್ಟಳು.

"ಸರ್, ತಿರುವನಂತಪುರದಲ್ಲಿ ಈ ಸೆಂಟು ಹಾಕೋ ಒಬ್ಬ ಹೆಂಗಸಿದ್ದಾಳೆ. ನನ್ನ ನಿಶ್ಚಿತಾರ್ಥ ಮುರಿದಿದ್ದು ಅವಳಿಂದಲೇ. ನಿಮ್ಮ ಮಗಳಿಗೂ ಗೊತ್ತಿರಲಿ."

ಹರಟುತ್ತಿದ್ದವರೆಲ್ಲ ಇತ್ತ ತಿರುಗಿದರು. ಓಂಕಾರಪ್ಪ ಗಂಭೀರವಾಗಿ ಇದು ನಿಜವೇ ಎಂದು ಕೇಳಿದರು.

"ಅವರು ಅದನ್ನ ನಂಬಿರೋದಂತೂ ನಿಜ ಸರ್," ಎಂದ ಆಕರ್ಷ. ಗೇಟಿನ ಕಡೆ ನಡೆದುಬಿಟ್ಟ.

ಓಂಕಾರಪ್ಪ ಮಗಳ ಕೈಹಿಡಿದು ಹೊರಟರು. ಅಪರ್ಣಾ ಗೆದ್ದಿದ್ದಳು. ಇಷ್ಟು ದಿನ ಕನಸು ಕಂಡದ್ದು ಹೀಗೇ ನಡೆಯಬೇಕೆಂದು... ಮತ್ತೆ ಈ ಎದೆ ಯಾಕೆ ಹೀಗೆ ಬಡಿದುಕೊಳ್ಳುತ್ತಿದೆ?

ಹೊರಗೆ ಕಡಲದಂಡೆಯಲ್ಲಿ ಅವಳನ್ನು ತಡೆದು ನಿಲ್ಲಿಸಿದವನು ವಿನ್ಸೆಂಟ್. ಮಂಗಳೂರಿನವನು, ಆಕರ್ಷನ ಸಹೋದ್ಯೋಗಿ. ಸಿಟ್ಟಿನಿಂದ ಅವನ ಮುಖ ಕೆಂಪಾಗಿತ್ತು.

"ನೀವು ಎಂಥ ಕೆಲಸ ಮಾಡಿದ್ದು ಮಾರಾಯ್ರೆ? ಅವನಿಗೆ ವಾಸನೆಯೇ ಗೊತ್ತಾಗುದಿಲ್ಲ. ಯಾವುದೂ."

ಅವಳು ಮಿಕಿಮಿಕಿ ನೋಡಿದಳು. ವಿನ್ಸೆಂಟ್ ಎಲ್ಲವನ್ನೂ ಹೇಳಿದ. ಆ ಓಣಂಗೆ ಮುಂಚೆ ತಿರುವನಂತಪುರದ ಉಳ್ಳೂರಿನಲ್ಲಿ ಆಕರ್ಷ ಸ್ಕೂಟರಿನಿಂದ ಬಿದ್ದದ್ದು ಅವಳಿಗೂ ಗೊತ್ತಿತ್ತು. ಸಣ್ಣ ಗಾಯ ಎಂದಿದ್ದ. ಆದರೆ ತಲೆಗೆ ಬಿದ್ದ ಪೆಟ್ಟಿಗೆ ಅವನ ಮೂಗಿನ ಶಕ್ತಿಯೇ ಹೋಗಿತ್ತು. ಪರಿಚಯದ ಗಾಢ ವಾಸನೆಗಳನ್ನು ದಿನವೂ ಬೆಳಿಗ್ಗೆ ಸಂಜೆ ಮೂಸುತ್ತಿರಿ, ಮರಳಿ ಬಂದರೂ ಬರಬಹುದು ಎಂದಿದ್ದರು ಡಾಕ್ಟರು. ನಿಂಬೆ, ಲವಂಗ, ನೀಲಗಿರಿ ಎಣ್ಣೆ... ಜೊತೆಗೆ ಅವನೇ ಹುಡುಕಿ ತಂದದ್ದು ಚಾಕೊಲೇಟಿನ ಸೆಂಟು. ನಿಶ್ಚಿತಾರ್ಥದ ದಿನ ಅಪರ್ಣಾ ತಿನ್ನಿಸಿದ್ದ ಕೇಕಿನ ವಾಸನೆ ಮೊದಲು ಮರಳಲಿ ಎಂಬ ಆಸೆಯಂತೆ. ರೈಲಿನಲ್ಲಿ ಸೀಸೆಯ ಮುಚ್ಚಳ ಸಡಿಲವಾಗಿ ಚೀಲದೊಳಗಿನ ಬಟ್ಟೆಗೆಲ್ಲ ಸೋರಿತ್ತು. ಅವನಿಗೆ ತಿಳಿಯುವುದಾದರೂ ಹೇಗೆ? ತಿರುವನಂತಪುರಕ್ಕೆ ಮರಳಿ ಖಾಲಿ ಸೀಸೆ ಕಂಡಾಗಲೇ ಗೊತ್ತಾದದ್ದು.

"ಲ್ಯಾಬಿನಲ್ಲಿ ಕೆಮಿಕಲ್ ಸೋರಿದ್ರೆ ಗೊತ್ತಾಗುದಿಲ್ಲ ಅಂತ ಅವನೇ ಹೇಳಿ ಬೇರೆ ಸೆಕ್ಷನ್ನಿಗೆ ಹೋದ. ನಿಮಗೂ ಹೇಳ್ಲಿಕ್ಕೇ ಬ್ಯಾಂಕಿಗೆ ಬಂದದ್ದು ಅವನು."

ಕಿಟಕಿಯ ಮರೆಯಲ್ಲಿ ನಿಂತ ಆ ಮಧ್ಯಾಹ್ನ ಅವಳ ಕಣ್ಣ ಮುಂದೆ ಬಂತು. ಕಡಲ ಗಾಳಿಗೂ ಆ ಸಿಹಿ ವಾಸನೆ ಮೈಯಿಂದ ಹೋಗಲೊಲ್ಲದು. ಮನೆಗೆ ಹೋಗಿ ಸೀರೆಯನ್ನು ಬಕೆಟ್ಟಿನಲ್ಲಿ ಅದ್ದಿ, ನಲ್ಲಿಯ ಕೆಳಗೆ ಕೂತು ಅತ್ತಳು.

ಮರುದಿನ ಬೆಳಿಗ್ಗೆ ರಮ್ಯಶ್ರೀಯಿಂದ ವಿಳಾಸ ಪಡೆದು ಅವಳು ಮೊದಲು ಹೋದದ್ದು ಕೊಚ್ಚಿಯ ಪಕ್ಕದ ತ್ರಿಪ್ಪುಣಿತ್ತುರಕ್ಕೆ, ಓಂಕಾರಪ್ಪನವರ ಮನೆಗೆ. ಮೆಟ್ರೋದಲ್ಲಿ ಕೂತು ಇಳಿಯುವವರೆಗೂ ಎರಡು ಮನಸ್ಸು. ನಿಜ ಹೇಳಿದರೆ ಆ ಸಂಬಂಧ ಮತ್ತೆ ಕೂಡಿಕೊಳ್ಳುತ್ತದೆ... ಅವನು ಶಾಶ್ವತವಾಗಿ ಕೈತಪ್ಪುತ್ತಾನೆ. ಕೂಡಿಕೊಳ್ಳಲಿ. ಅವನ ಮಾನವನ್ನು ಕಳೆದವಳೇ ಅದನ್ನು ತಂದುಕೊಡಬೇಕು.

ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಪ್ಪಿಕೊಂಡಳು. ಓಂಕಾರಪ್ಪ ಕನ್ನಡಕ ತೆಗೆದು ಅವಳನ್ನು ನೋಡಿದರು.

"ಒಬ್ಬ ಮನುಷ್ಯನ ಮಾನ ತೆಗಿಯೋಕೆ ಬರೀ ವಾಸನೆ ಸಾಕಾಯ್ತೇನಮ್ಮ ನಿನಗೆ?"

ಗೇಟಿನವರೆಗೆ ಕಳಿಸಲು ಬಂದವಳು ಕೃಪಾ.

"ನಿನ್ನೆ ನೀವು ಅಷ್ಟೆಲ್ಲ ಅಂದಾಗ ಅವರು ಒಂದ್ಸಲಾನೂ ನನ್ನ ಕಡೆ ನೋಡಲಿಲ್ಲ. ನಿಮ್ಮನ್ನೇ ನೋಡ್ತಾ ನಿಂತಿದ್ರು. ಅಂಥವರನ್ನ ನಾನ್ಯಾಕೆ ಮದುವೆ ಆಗಲಿ? ನಮ್ಮಪ್ಪ ಈಗಲೇ ಅವರಿಗೆ ಫೋನ್ ಮಾಡಿ ನೀವು ಹೇಳಿದ್ದೆಲ್ಲ ತಿಳಿಸ್ತಾರೆ. ಮುಂದಿನದು ನಿಮಗೆ ಬಿಟ್ಟಿದ್ದು."

ಅಪರ್ಣಾ ಸಿಕ್ಕ ರೈಲು ಹತ್ತಿದಳು.

ಉಳ್ಳೂರಿನ ಫ್ಲ್ಯಾಟಿನ ಬಾಗಿಲು ತೆರೆದ ಆಕರ್ಷ ಅವಳನ್ನು ಒಳಗೆ ಕರೆಯಲಿಲ್ಲ.

"ಸಮಾಧಾನ ಆಯ್ತಾ? ಇನ್ನೂ ಏನಾದ್ರೂ ಬಾಕಿ ಇದ್ಯಾ?"

ಆ ಮಾತಿನಲ್ಲಿ ಎರಡು ವರ್ಷದ ಕಹಿ ಇತ್ತು. ಅವಳು ತಲೆಬಾಗಿ ಕೇಳಿಸಿಕೊಂಡಳು. ಅವನು ಹೇಳುತ್ತಲೇ ಹೋದ. ಅವಳ ಮದುವೆಯ ಸುದ್ದಿ ಬರಲಿ, ಎದುರಿಗೆ ಹೋಗಿ ನಿಜ ಹೇಳಿ ಜೀವನವಿಡೀ ಕೊರಗುವಂತೆ ಮಾಡುತ್ತೇನೆಂದು ತಾನೂ ಕಾದಿದ್ದನಂತೆ. ನಿನ್ನೆ ಕೈತುಂಬ ಅವಕಾಶ ಸಿಕ್ಕಿತ್ತು. ಒಂದೇ ಮಾತಿಗೆ ಅಷ್ಟು ಜನರ ಮುಂದೆ ಅವಳು ಕುಸಿಯುತ್ತಿದ್ದಳು.

"ಮತ್ತೆ ಯಾಕೆ ಹೇಳಲಿಲ್ಲ?" ಅವಳು ತಲೆ ಎತ್ತಿದಳು.

"ನಿನ್ನ ಕೈ ನಡುಗ್ತಾ ಇತ್ತು. ಆಗಲಿಲ್ಲ ನನ್ನಿಂದ."

ಅವಳು ಬಾಗಿಲ ಚೌಕಟ್ಟು ಹಿಡಿದು ಬಿಕ್ಕಿದಳು. ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಅಡುಗೆಮನೆಯ ಮೇಜಿನ ಎದುರು ಬದುರು ಕೂತರು. ಬಿದ್ದ ದಿನವೇ ಹೇಳದೆ ಮುಚ್ಚಿಟ್ಟದ್ದು ತನ್ನ ತಪ್ಪು ಎಂದು ಅವನೂ ಒಪ್ಪಿಕೊಂಡ. ಅರೆಕೊರೆಯ ಗಂಡು ಎಂದು ಅವಳು ಬಿಟ್ಟುಬಿಟ್ಟಾಳೆಂದು ಹೆದರಿದ್ದನಂತೆ.

"ಓಂಕಾರಪ್ಪ ಸರ್ ಫೋನ್ ಮಾಡಿದ್ರು," ಎಂದ ಮೆಲ್ಲಗೆ. "ಅವರು ಮತ್ತೆ ಒಪ್ಪಿಬಿಟ್ಟಿದ್ರೆ ಏನ್ಮಾಡ್ತಿದ್ದೆ?"

"ಮದುವೆಗೆ ಬಂದು ಊಟ ಮಾಡಿ ಹೋಗ್ತಿದ್ದೆ."

"ಅಳದೇ?"

"ಹಾಗಂತ ನಾನು ಹೇಳಲಿಲ್ಲ."

ಎರಡು ವರ್ಷದಲ್ಲಿ ಮೊದಲ ಬಾರಿಗೆ ಅವನ ತುಟಿಯಂಚಿನಲ್ಲಿ ನಗು ಮೂಡಿತು. ಎದ್ದು ಕಾಫಿಗೆಂದು ಫ್ರಿಜ್ಜಿನಿಂದ ಹಾಲಿನ ಪಾತ್ರೆ ತೆಗೆದವನು ಅದನ್ನು ಹಿಡಿದು ಹಾಗೇ ನಿಂತ.

"ನನ್ನ ಮೂಗು ಇನ್ನು ಸರಿ ಹೋಗಲಿಕ್ಕಿಲ್ಲ ಅಪರ್ಣಾ. ಹಾಲು ಕೆಟ್ಟಿದೆಯೋ ಇಲ್ಲವೋ ಅನ್ನೋದೂ ಕುಡಿದ ಮೇಲೇ ಗೊತ್ತಾಗೋದು. ಗ್ಯಾಸ್ ಸೋರಿದ್ರೂ ತಿಳಿಯಲ್ಲ. ಇಂಥವನ ಜೊತೆ ಕಷ್ಟ."

ಅವಳು ಕಣ್ಣೊರೆಸಿಕೊಂಡು ಪಾತ್ರೆಯನ್ನು ಅವನ ಕೈಯಿಂದ ಇಸಿದುಕೊಂಡಳು. ಮೂಗಿನ ಹತ್ತಿರ ಹಿಡಿದು, ಮುಖ ಕಿವುಚಿ, ಸಿಂಕಿಗೆ ಸುರಿದಳು.

"ಕೆಟ್ಟಿದೆ. ಇನ್ಮೇಲೆ ನಾನು ನೋಡಿ ಹೇಳ್ತೀನಿ."

"ದಿನಾನೂ?"

"ದಿನಾನೂ."