ಮೂರನೇ ಹಿಡಿ

ಬಹಳ ಬಹಳ ಹಿಂದೆ, ಏಳು ಬೆಟ್ಟಗಳಾಚೆ ಬಳ್ಳಿಸೀಮೆ ಎಂಬ ರಾಜ್ಯವಿತ್ತು. ಅಲ್ಲಿ ಮಗು ಹುಟ್ಟಿದ ದಿನವೇ ಅಂಗಳದಲ್ಲಿ ಒಂದು ಬಸಳೆ ಬಳ್ಳಿ ತಾನಾಗಿ ಮೊಳೆಯುತ್ತಿತ್ತು. ಬಳ್ಳಿ ಚಿಗುರಿದರೆ ಮಗು ನಗುತ್ತಿತ್ತು, ಬಳ್ಳಿ ಬಾಡಿದರೆ ಮಗುವೂ ಬಾಡುತ್ತಿತ್ತು.

ಒಂದು ದಿನ ಡೊಳ್ಳಯ್ಯನೆಂಬ ಮಾಂತ್ರಿಕ ಬಿಳಿ ಪುಡಿಯ ಮೂಟೆ ಹೊತ್ತು ಬಂದ. "ಬುಡಕ್ಕೆ ಒಂದು ಹಿಡಿ ಹಾಕಿ, ಮಕ್ಕಳು ನೂರು ವರ್ಷ ಬಾಳುತ್ತಾರೆ" ಎಂದ. ರಾಜನೇ ತಲೆದೂಗಿದ ಮೇಲೆ ಬೇಡವೆನ್ನುವವರು ಯಾರು? ಎಲ್ಲರೂ ಹಾಕಿದರು. ಬಳ್ಳಿಗಳು ಜೋತುಬಿದ್ದವು. ಸಾಲದೇನೋ ಎಂದು ಇನ್ನೊಂದು ಹಿಡಿ ಹಾಕಿದರು. ಯಾವ ಮಗು ಹೆಚ್ಚು ಮುದ್ದಿನದೋ ಅದೇ ಮೊದಲು ಮುದುಡಿತು.

ಅರಮನೆಗೆ ಉಪ್ಪಿನಕಾಯಿ ಹಾಕುತ್ತಿದ್ದ ಸೂರವ್ವ ತನ್ನ ಒಬ್ಬಳೇ ಮಗಳು ಪಚ್ಚೆಯ ಬಳ್ಳಿಗೆ ಮೂರು ಹಿಡಿ ಹಾಕಿದ್ದಳು. ಪಚ್ಚೆ ಈಗ ಮುರುಟಿಕೊಂಡು ಮಲಗಿದ್ದಳು, ಅಳಲು ಕಣ್ಣಲ್ಲಿ ನೀರೂ ಇರಲಿಲ್ಲ. ಪುಡಿ ಅಂಟಿದ ಕೈಯಲ್ಲೇ ಸೂರವ್ವ ಮಗಳಿಗೆಂದು ಸೌತೆಕಾಯಿ ಹೆಚ್ಚಿದಳು. ನೋಡುತ್ತಿದ್ದಂತೆ ಹೋಳುಗಳು ನೀರು ಬಿಟ್ಟು ಮೆತ್ತಗಾದವು.

ಅವಳು ಒಂದು ಹೋಳೆತ್ತಿ ಹಿಂಡಿ ನೋಡಿದಳು. "ಅಯ್ಯೋ, ನನ್ನ ಕೈ ಸೇದ್ಹೋಗ! ಇದು ಉಪ್ಪು! ರುಚಿ ಗೊತ್ತಾಗದಂಗೆ ಮಂತ್ರ ಹಾಕವ್ನೆ. ಹೊರಗೆ ಉಪ್ಪು ನಿಂತ್ರೆ ಒಳಗಿನ ನೀರೆಲ್ಲ ಹೊರಕ್ಕೆ. ಮಾವಿನ ಹೋಳಿಗೆ ಮಾಡೋದನ್ನ ನನ್ನ ಮಗೂಗೂ ನಾನೇ ಮಾಡಿಬಿಟ್ನಲ್ಲ!"

ಸಿಹಿನೀರು ಸುರಿದು ಬುಡದ ಉಪ್ಪನ್ನು ತೊಳೆಯಬೇಕಿತ್ತು. ಆದರೆ ಬಾವಿಗಳಿಗೂ ಮಾಂತ್ರಿಕ ಪುಡಿ ಸುರಿದಿದ್ದ. ಬಳ್ಳಿಗಳು ಬಿಟ್ಟ ನೀರನ್ನೆಲ್ಲ ತನ್ನ ಕೊಳಕ್ಕೆ ಸೆಳೆದುಕೊಂಡು, ಕುಡಿದು ಕುಡಿದು ಗುಡಾಣದಂತೆ ಊದಿದ್ದ.

ಉಳಿದ ಪುಡಿಯನ್ನು ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಸೂರವ್ವ ಕೊಳಕ್ಕೆ ಹೋದಳು. ಕಾವಲಿಗೆ ಮಾಂತ್ರಿಕ ಮಂತ್ರದಿಂದ ಕಟ್ಟಿಹಾಕಿದ್ದ ಮಾತಾಡುವ ಮೊಸಳೆಯಿತ್ತು.

"ಒಂದು ಕೊಡ ನೀರಿಗೆ ನಿನ್ನ ಕೂದಲ ಕಪ್ಪು ಕೊಡು" ಎಂದಿತು ಮೊಸಳೆ. ಕೊಟ್ಟಳು. ತಂದು ಸುರಿದಳು. ಬುಡದಿಂದ ಬಿಳಿನೀರು ಹರಿಯಿತು, ಎಲೆ ಅಲುಗಲಿಲ್ಲ.

"ಎರಡನೆಯ ಕೊಡಕ್ಕೆ ನಿನ್ನ ನಗು ಕೊಡು." ಅದನ್ನೂ ಕೊಟ್ಟಳು. ಈ ಸಲ ತುದಿಯ ಎಲೆಯೊಂದು ನಡುಗಿತು, ಅಷ್ಟೇ.

ಮೂರನೆಯ ಸಲ ಡೊಳ್ಳಯ್ಯನೇ ಎದುರು ನಿಂತಿದ್ದ. "ನೀರು ಬೇಕಾದರೆ ಮಗಳನ್ನೇ ಕೊಡು" ಎಂದ.

"ತಗೊಳ್ಳಪ್ಪ, ನೀನು ಕೊಟ್ಟಿದ್ದನ್ನ ನೀನೇ ತಗೋ" ಎಂದು ಸೂರವ್ವ ಗಂಟು ಬಿಚ್ಚಿ ಪುಡಿಯನ್ನೆಲ್ಲ ಅವನ ಮೈಮೇಲೆ ಎರಚಿದಳು. ಕದ್ದ ನೀರು ಅವನ ಮೈಯಿಂದ ಧಾರೆಯಾಗಿ ಇಳಿಯಿತು. ಸಂಜೆಯೊಳಗೆ ಅವನು ಉಪ್ಪಿನಲ್ಲಿ ಹಾಕಿದ ಮಾವಿನ ಮಿಡಿಯಷ್ಟಾದ. ಬಿಡುಗಡೆಯಾದ ಮೊಸಳೆ ಅವಳ ಕಪ್ಪನ್ನೂ ನಗುವನ್ನೂ ಹಿಂದಿರುಗಿಸಿ ಹೊರಟುಹೋಯಿತು.

ಮೂರನೆಯ ಕೊಡಕ್ಕೆ ಪಚ್ಚೆಯ ಬಳ್ಳಿ ತಲೆಯೆತ್ತಿತು. ಮನೆಮನೆಯವರೂ ಕೊಡ ಹೊತ್ತು ಓಡಿದರು, ಮಕ್ಕಳೆಲ್ಲ ಎದ್ದು ಕೂತರು. ಬಳ್ಳಿಸೀಮೆ ಮತ್ತೆ ಹಸಿರಾಗಿ ಸುಖವಾಗಿತ್ತು.

ಆದರೆ ಪಚ್ಚೆಯ ಬಳ್ಳಿಯಲ್ಲಿ ಒಂದು ಎಲೆ ಮಾತ್ರ ಬಿಚ್ಚಿಕೊಳ್ಳಲಿಲ್ಲ. ಅವಳ ಎಡಗೈ ಕಿರುಬೆರಳೂ ಹಾಗೇ ಸುರುಟಿಕೊಂಡೇ ಉಳಿಯಿತು.

"ಅವ್ವಾ, ಇದೊಂದು ಬೆರಳು ಯಾಕೆ ಹಿಂಗೆ?" ಎಂದು ಅವಳು ಕೇಳುತ್ತಿದ್ದಳು.

ಸೂರವ್ವ ಆ ಬೆರಳನ್ನು ಕೆನ್ನೆಗೊತ್ತಿಕೊಂಡು ಹೇಳುತ್ತಿದ್ದಳು: "ಅದು ನಾನು ಹಾಕಿದ ಮೂರನೇ ಹಿಡಿ, ಕಂದಾ."